ಅಗಲಿದ ಗ್ರಾಮಜನರ ಸ್ಮರಣೆ

ಹುಟ್ಟಿದವರಿಗೆ ಮರಣವು ತಪ್ಪದೆಂಬುದು ಸರ್ವರೂ ಅರಿತ ಮಾತು. ಆದರೆ ಮರಣಾನಂತರದಲ್ಲಿ ಮನುಷ್ಯನ ಹೆಸರು ಅವನ ಊರಿನಲ್ಲಿ ಎಷ್ಟು ಕಾಲ ಉಳಿಯುವುದು, ಯಾವ ಕಾರಣದಿಂದ ಉಳಿಯುವುದು ಎಂಬುದು ಚರಿತ್ರೆಯು ವಿಚಾರಿಸತಕ್ಕ ಪ್ರಶ್ನೆಯಾಗಿರುವುದು. ಅರಸುಗಳ ಹೆಸರನ್ನು ಶಾಸನಗಳೂ, ಕವಿಗಳ ಹೆಸರನ್ನು ಕಾವ್ಯಗಳೂ ಕಾಪಾಡಿಕೊಂಡು ಬಂದಿರುವುವು. ಕೆರೆಯ ಏರಿಗೆ ಮಣ್ಣು ಹೊತ್ತವನ ಹೆಸರನ್ನೂ, ಊರ ಮಕ್ಕಳನ್ನೆಲ್ಲ ಕೈಯಲ್ಲಿ ಹಿಡಿದು ಭೂಮಿಗಿಳಿಸಿದ ಸೂಲಗಿತ್ತಿಯ ಹೆಸರನ್ನೂ, ಬರಗಾಲದಲ್ಲಿ ತನ್ನ ಕಣಜದ ಬಾಯಿ ತೆರೆದ ಒಕ್ಕಲಿನವನ ಹೆಸರನ್ನೂ ಕಾಪಾಡತಕ್ಕವರು ಯಾರು? ಈ ಪ್ರಶ್ನೆಗೆ ನಮ್ಮ ನಾಡು ಕಾಲಕಾಲಕ್ಕೆ ಕೊಟ್ಟಿರುವ ಉತ್ತರಗಳನ್ನು ವಿರೂಪಾಕ್ಷಿಪುರದ ಸುತ್ತಣ ಸೀಮೆಯನ್ನೇ ಮುಂದಿಟ್ಟುಕೊಂಡು ನೋಡುವುದು ಈ ಲೇಖನದ ಉದ್ದೇಶವಾಗಿದೆ.

ವಿರೂಪಾಕ್ಷಿಪುರವು ಚನ್ನಪಟ್ಟಣ ತಾಲ್ಲೂಕಿನ ಒಂದು ಹೋಬಳಿ. ರಾಗಿ, ತೆಂಗು, ಹಿಪ್ಪುನೇರಳೆ, ಮಾವುಗಳನ್ನು ನಂಬಿ ಬಾಳುವ ಒಕ್ಕಲು ಮಕ್ಕಳ ಸೀಮೆಯಿದು. ಚನ್ನಪಟ್ಟಣ, ರಾಮನಗರ, ಮಾಗಡಿ, ಕನಕಪುರಗಳೆಂಬ ನಾಲ್ಕು ತಾಲ್ಲೂಕುಗಳೂ ಬಹುಕಾಲ ಬೆಂಗಳೂರಿನ ಆಡಳಿತಕ್ಕೆ ಸೇರಿದ್ದು, 2007ರಲ್ಲಿ ರಾಮನಗರ ಜಿಲ್ಲೆಯೆಂದು ಬೇರ್ಪಟ್ಟು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರನ್ನು ಪಡೆದುವು. ಆಡಳಿತದ ಹೆಸರುಗಳು ಎಷ್ಟು ಬಾರಿ ಮಾರ್ಪಟ್ಟರೂ ಇಲ್ಲಿಯ ಜನರ ನಡೆನುಡಿಗಳಲ್ಲಿ ಒಂದು ಏಕತೆಯುಂಟು. ಈ ತಾಲ್ಲೂಕುಗಳ ಶಿಲಾಲೇಖಗಳನ್ನು ಬಿ. ಎಲ್. ರೈಸ್ ಎಂಬ ವಿದ್ವಾಂಸರು ಸಂಗ್ರಹಿಸಿ, 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ಸ್ಮರಣೆಯ ವಿಷಯದಲ್ಲಿ ಪೂರ್ವಿಕರ ಮನೋಧರ್ಮವು ಎಂತಹುದೆಂಬುದನ್ನು ತಿಳಿಯಬೇಕಾದರೆ ಇಂತಹ ಕಲ್ಲುಗಳ ಬಳಿಗೇ ಹೋಗಬೇಕಾಗುವುದು.

ಚನ್ನಪಟ್ಟಣಕ್ಕೆ ನೆರೆಯದಾದ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಗ್ರಾಮವಿರುವುದು. ಅಲ್ಲಿ ದೊರೆತು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಇಡಲ್ಪಟ್ಟಿರುವ ಶಿಲಾಶಾಸನವು ಶಕವರ್ಷ 872ಕ್ಕೆ, ಎಂದರೆ ಕ್ರಿ. ಶ. 949-50ಕ್ಕೆ ಸೇರಿದುದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಕೂಡಿ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಸಂಗತಿಯನ್ನು ಈ ಕಲ್ಲು ಹೇಳುವುದು. ಚರಿತ್ರಕಾರರು ಇದನ್ನು ಬಹುವಾಗಿ ಆದರಿಸುವುದು ಈ ಯುದ್ಧವೃತ್ತಾಂತಕ್ಕಾಗಿ. ಆದರೆ ಕಲ್ಲನ್ನು ನಿಲ್ಲಿಸಿದ ಕಾರಣವು ಅದಲ್ಲ. ಮಣಲೆರನೆಂಬ ವೀರನು ದೊರೆಯು ಮೆಚ್ಚಿ ಕೊಟ್ಟ ಕಾಳಿ ಎಂಬ ಬೇಟೆನಾಯನ್ನು ಸಾಕಿದ್ದನು. ಆ ನಾಯಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು, ತಾನೂ ಸತ್ತಿತು. ಅದರ ನೆನಪಿಗಾಗಿ ಶಿವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಹಿರಿಯ ಕೆರೆಯ ಕೆಳಗೆ ಭೂಮಿಯನ್ನು ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡನಾದರೆ ಪಾಪಕ್ಕೆ ಗುರಿಯಾಗುವನೆಂದು ವಿಧಿಸಿದರು. ನಂಬಿಕೆಗೆ ಎರಡು ಬಗೆಯದ ಒಂದು ಮೂಕಪ್ರಾಣಿಯನ್ನು ನೆನೆಯದೆ ಅನ್ನವನ್ನು ಮುಟ್ಟಕೂಡದೆಂಬ ಈ ಕಟ್ಟಳೆಯು ಸಾವಿರ ವರ್ಷಗಳ ಹಿಂದಣ ಕನ್ನಡ ಜನರ ಅಂತಃಕರಣವನ್ನು ತೋರಿಸುವುದು. ಸ್ಮರಣೆಯೂ ಅನ್ನವೂ ಒಂದಕ್ಕೊಂದು ಸೇರಿದುವೆಂಬ ಈ ಭಾವನೆಯನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಆತಕೂರಿನ ಕಲ್ಲು ಒಂಟಿಯಾದುದಲ್ಲ. ಕನ್ನಡ ನಾಡಿನ ಊರೂರುಗಳಲ್ಲಿ ಕೆರೆಯೇರಿಯ ಮೇಲೆಯೋ, ಬೇಲಿಯ ಮಗ್ಗುಲಲ್ಲಿಯೋ ವೀರಗಲ್ಲುಗಳು ನಿಂತಿರುವುವು. ಕೆಳಗಣ ಪಟ್ಟಿಕೆಯಲ್ಲಿ ಹೋರಾಟ, ನಡುವಣದರಲ್ಲಿ ದೇವಕನ್ನೆಯರು ವೀರನನ್ನು ಕೊಂಡೊಯ್ಯುವುದು, ಮೇಲಣದರಲ್ಲಿ ಆತನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುವುದು, ತುದಿಯಲ್ಲಿ ಸೂರ್ಯಚಂದ್ರರು. ಈ ಬಗೆಯ ಕಲ್ಲುಗಳಲ್ಲಿ ಕಾಣುವ ಹೆಸರುಗಳೆಲ್ಲವೂ ಸಾಮಂತರವಲ್ಲ. ಶತ್ರುಗಳು ಹಿಡಿದೊಯ್ಯುತ್ತಿದ್ದ ತುರುಗಳನ್ನು ಬಿಡಿಸಲು ಹೋಗಿ ಮಡಿದ ಸಾಮಾನ್ಯ ಒಕ್ಕಲು ಮಗನಿಗೂ, ಊರಳಿವಿನಲ್ಲಿ ಹೆಂಗುಸರ ಮಾನವನ್ನು ಕಾಯ್ದು ಬಿದ್ದವನಿಗೂ ಕಲ್ಲು ಸಂದಿತು. ಉಳಿದ ಮನೆಯವರಿಗೆ ಊರಿನವರು ಬಿಡುತ್ತಿದ್ದ ಹೊಲಕ್ಕೆ ನೆತ್ತರುಕೊಡಗೆ ಎಂಬ ಹೆಸರಿದ್ದಿತು. ಸತ್ತವನ ಹೆಸರನ್ನು ನೆನೆಯುವುದೆಂದರೆ ಬದುಕುಳಿದವರಿಗೆ ಅನ್ನದ ದಾರಿಯನ್ನು ಮಾಡುವುದೆಂಬುದು ಈ ಏರ್ಪಾಟಿನಿಂದ ವ್ಯಕ್ತವಾಗುವುದು.

ಹನ್ನೆರಡನೆಯ ಶತಮಾನದಲ್ಲಿ ಶರಣರು ಈ ವಿಷಯಕ್ಕೆ ಹೊಸದೊಂದು ಅರ್ಥವನ್ನು ಕೊಟ್ಟರು. ಯುದ್ಧದಲ್ಲಿ ಮಡಿದವನಿಗೆ ಮಾತ್ರ ಸಲ್ಲುತ್ತಿದ್ದ ಗೌರವವು ದಿನದಿನದ ಕಾಯಕದಲ್ಲಿ ಬಾಳಿದವನಿಗೆ ಸಂದಿತು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ, ಆತನ ಧರ್ಮಪತ್ನಿ ಲಕ್ಕಮ್ಮ ಎಂಬ ಹೆಸರುಗಳಲ್ಲಿ ಕುಲವಿಲ್ಲ, ಬಿರುದಿಲ್ಲ. ಮಾಡಿದ ಕೆಲಸವೇ ಹೆಸರಿನ ಮುಂದೆ ನಿಂತಿರುವುದು. ಕಲ್ಯಾಣದ ವಿಪ್ಲವದ ತರುವಾಯ ಚದರಿಹೋಗಿದ್ದ ಇವರ ವಚನಗಳನ್ನು ಹದಿನೈದು ಹದಿನಾರನೆಯ ಶತಮಾನಗಳ ವಿರಕ್ತರು ಒಟ್ಟುಗೂಡಿಸಿದರು. ಆ ಪರಂಪರೆಯ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯು ಮಾಗಡಿ ಸೀಮೆಗೆ ಹೊಂದಿಕೊಂಡಿರುವ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿಯೇ ಇರುವುದು. ಇಪ್ಪತ್ತನೆಯ ಶತಮಾನದಲ್ಲಿ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಮನೆಮನೆಗಳಿಂದ ಅರಸಿ ತಂದು 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಮಾಡಿಸದಿದ್ದರೆ ಈ ದುಡಿಮೆಗಾರರ ಪೈಕಿ ಅನೇಕರ ಹೆಸರನ್ನು ಇಂದಿನವರು ಕೇಳುತ್ತಿರಲಿಲ್ಲ. ಸ್ಮರಣೆಯು ತಾನಾಗಿ ಉಳಿಯತಕ್ಕ ವಸ್ತುವಲ್ಲ; ಅದನ್ನು ಉಳಿಸುವುದೂ ಒಂದು ಕಾಯಕವೇ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಅಕ್ಷರವಿಲ್ಲದ ಮನೆಗಳಲ್ಲಿಯೂ ಈ ಕಾಯಕವು ನಡೆಯುತ್ತಲೇ ಇದ್ದಿತು. ಹೆಳವರೆಂಬವರು ಕೆಲವು ವರ್ಷಗಳಿಗೊಮ್ಮೆ ಎತ್ತನ್ನೇರಿ ಊರಿಗೆ ಬಂದು, ಒಕ್ಕಲುಮನೆಯ ಬಾಗಿಲಲ್ಲಿ ನಿಂತು, ಆ ಮನೆತನದ ಏಳೆಂಟು ತಲೆಗಳ ಹೆಸರನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನೂ ಅಗಲಿದವರನ್ನೂ ಸೇರಿಸಿಕೊಂಡು, ಕಾಳುಕಡ್ಡಿಗಳನ್ನು ಪಡೆದು ಹೋಗುತ್ತಿದ್ದರು. ಮಹಾಲಯ ಅಮಾವಾಸ್ಯೆಯ ಕಾಲದಲ್ಲಿ ಹಿರಿಯರ ಹೆಸರಿನಲ್ಲಿ ಎಡೆಯಿಡುವ ಪದ್ಧತಿಯು ಈ ಸೀಮೆಯ ಅನೇಕ ಒಕ್ಕಲುಮನೆಗಳಲ್ಲಿ ಇಂದಿಗೂ ಉಂಟು. ಬೀಸುವಾಗಲೂ ನಾಟಿ ಮಾಡುವಾಗಲೂ ಹೆಂಗುಸರು ಹಾಡುತ್ತಿದ್ದ ಪದಗಳಲ್ಲಿ ಊರಿನ ಪುಣ್ಯವಂತರ ಹೆಸರುಗಳು ಸೇರಿಕೊಂಡು ತಲೆಮಾರುಗಳನ್ನು ದಾಟುತ್ತಿದ್ದುವು. ಬೀಸುವ ಕಲ್ಲುಗಳು ಮೂಲೆಗೆ ಸೇರಿದ ಮೇಲೆ, ಮಕ್ಕಳು ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಬೆಂಗಳೂರನ್ನು ಸೇರಿದ ಮೇಲೆ, ಈ ಹಾದಿಗಳು ಒಂದೊಂದಾಗಿ ಸಣ್ಣವಾದುವು. 1969ರ ಜನನ ಮರಣ ನೋಂದಣಿ ಶಾಸನದಂತೆ ಸರ್ಕಾರದ ಪುಸ್ತಕದಲ್ಲಿ ಮರಣದ ದಿನಾಂಕವು ಸೇರುವುದು. ಆದರೆ ಸತ್ತವರು ಯಾವ ಬಾವಿಯನ್ನು ತೋಡಿದರು, ಯಾವ ಮಗುವಿಗೆ ಅಕ್ಷರ ಕಲಿಸಿದರು ಎಂಬುದನ್ನು ಆ ಪುಸ್ತಕವು ಕೇಳುವುದಿಲ್ಲ.

ಇಂತಹ ಕಾಲದಲ್ಲಿ ಈ ಸೀಮೆಯ ಸಣ್ಣ ಹಳ್ಳಿಗಳಿಂದ ಹೊರಟು, ಇತ್ತೀಚಿನ ವರ್ಷಗಳಲ್ಲಿ ಲೋಕವನ್ನು ಬಿಟ್ಟ ಕೆಲವರ ಬಾಳನ್ನು ನೆನೆದುಕೊಂಡರೆ ಸ್ಮರಣೆಯು ಯಾವುದರಿಂದ ಉಳಿಯುವುದೆಂಬುದು ಸ್ಪಷ್ಟವಾಗುವುದು.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ನೆಯ ಏಪ್ರಿಲ್ 1ರಂದು ಹೊನ್ನೇಗೌಡರು ಗಂಗಮ್ಮನವರೆಂಬ ದಂಪತಿಗಳ ಹದಿಮೂರು ಮಕ್ಕಳಲ್ಲಿ ಕಿರಿಯರಾಗಿ ಶಿವಣ್ಣನವರು ಜನಿಸಿದರು. ನಾಗವಲ್ಲಿಯ ಗ್ರಾಮಾಂತರ ಶಾಲೆಯಲ್ಲಿ ಓದಿ, 1926ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದರು. ಸಿದ್ಧಗಂಗಾ ಮಠದ ಉದ್ದಾನ ಶಿವಯೋಗಿಗಳವರ ಉತ್ತರಾಧಿಕಾರಿಗಳಾಗಬೇಕಾಗಿದ್ದ ಮರುಳಾರಾಧ್ಯರು 1930ರಲ್ಲಿ ಅಕಾಲದಲ್ಲಿ ಶಿವೈಕ್ಯರಾಗಲು, ಆ ಭಾರವು ಈ ವಿದ್ಯಾರ್ಥಿಯ ಮೇಲೆ ಬಿದ್ದಿತು. ಅದೇ ವರ್ಷದ ಮಾರ್ಚ್ 3ರಂದು ವಿರಕ್ತಾಶ್ರಮವನ್ನು ಸ್ವೀಕರಿಸಿ ಶಿವಕುಮಾರ ಸ್ವಾಮಿಗಳೆನಿಸಿದರು. 1941ರಲ್ಲಿ ಗುರುಗಳು ಲಿಂಗೈಕ್ಯರಾದ ತರುವಾಯ ಮಠದ ಸಮಸ್ತ ಹೊಣೆಯೂ ಅವರದಾಯಿತು. ಊರೂರುಗಳನ್ನು ಸುತ್ತಿ, ಭಕ್ತರ ಮನೆಗಳಿಂದ ಭಿಕ್ಷೆಯನ್ನು ತಂದು, ಜಾತಿಮತಗಳ ಭೇದವೆಣಿಸದೆ ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಕೊಟ್ಟರು. ಗುರುಕುಲದ ಮಕ್ಕಳ ಸಂಖ್ಯೆಯು ಅವರ ಕಾಲದಲ್ಲಿಯೇ ಹತ್ತು ಸಾವಿರದ ಹತ್ತಿರಕ್ಕೆ ಬೆಳೆದಿದ್ದಿತು. 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರನ್ನು ಅರಸಿಕೊಂಡು ಬಂದುವು.

2019ನೆಯ ಜನವರಿ 21ರಂದು, 111 ವರ್ಷಗಳ ಪೂರ್ಣಾಯುಷ್ಯವನ್ನು ಕಳೆದು, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಅವರು ಲಿಂಗೈಕ್ಯರಾದರು. ಆ ವಾರ್ತೆಯನ್ನು ಒಡನೆಯೇ ಪ್ರಕಟಿಸಲಿಲ್ಲ. ಸುದ್ದಿ ತಿಳಿದರೆ ಮಕ್ಕಳು ಹಸಿದಿರುವರೆಂಬ ಕಾರಣದಿಂದ, ಅವರ ಮಧ್ಯಾಹ್ನದ ಪ್ರಸಾದವು ಮುಗಿದ ಮೇಲೆಯೇ ಲೋಕಕ್ಕೆ ತಿಳಿಸಲಾಯಿತು. ಇದು ಪೂಜ್ಯರ ಇಚ್ಛೆಯೇ ಆಗಿದ್ದಿತೆಂದು ಅಂದು ಹೇಳಲ್ಪಟ್ಟಿತು. ಆತಕೂರಿನ ಕಲ್ಲು, ನೆನೆಯದೆ ಉಣ್ಣಬೇಡವೆಂದಿತು. ಸಿದ್ಧಗಂಗೆಯ ಯೋಗಿಗಳ ಬಾಳು, ಉಣಿಸಿದ ಮೇಲೆ ನೆನೆಯಿರಿ ಎಂದಿತು. ಎರಡು ಮಾತುಗಳೂ ವಿರುದ್ಧವಾದಂತೆ ತೋರಿದರೂ ಒಂದೇ ಧರ್ಮದ ಎರಡು ಮುಖಗಳಾಗಿವೆ. ಜನವರಿ 21ನ್ನು ಸರ್ಕಾರವು ದಾಸೋಹ ದಿನವೆಂದು ಘೋಷಿಸಿದುದು ಈ ಬಾಳಿಗೆ ಒಪ್ಪುವ ಸ್ಮಾರಕವೇ ಸರಿ.

ಇದೇ ಬಗೆಯಲ್ಲಿ ರಾಮನಗರ ತಾಲ್ಲೂಕಿನ ಬಾನಂದೂರಿನಲ್ಲಿ 1945ರಲ್ಲಿ ಹುಟ್ಟಿದ ಬಾಲಗಂಗಾಧರನಾಥ ಸ್ವಾಮಿಗಳವರು 1974ರಲ್ಲಿ ಆದಿಚುಂಚನಗಿರಿಯ ಪೀಠವನ್ನೇರಿ, ಆ ಕ್ಷೇತ್ರವನ್ನು ವಿದ್ಯಾಕೇಂದ್ರವನ್ನಾಗಿ ಬೆಳೆಯಿಸಿ, 2013ನೆಯ ಜನವರಿ 13ರಂದು ದೇಹವನ್ನು ಬಿಟ್ಟರು. ಒಕ್ಕಲುಮನೆಯ ಇಬ್ಬರು ಮಕ್ಕಳು ಎರಡು ಪರಂಪರೆಗಳ ಪೀಠಗಳಲ್ಲಿ ಕುಳಿತು, ಹಳ್ಳಿಯ ಬಡ ಮಕ್ಕಳ ವಿದ್ಯೆಯನ್ನೇ ಪೂಜೆಯೆಂದು ಭಾವಿಸಿದುದು ಈ ನೆಲಕ್ಕೆ ಹೆಮ್ಮೆಯ ವಿಷಯ.

ಪೀಠವೂ ವಿದ್ಯೆಯೂ ಇದ್ದವರಿಗೆ ಮಾತ್ರ ಇಂತಹ ಕೀರ್ತಿಯು ಸಲ್ಲುವುದೆಂದು ಯಾರಾದರೂ ಎಣಿಸಿದರೆ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ದಾರಿಯನ್ನು ನೋಡಬೇಕು. ಗುಬ್ಬಿ ಸೀಮೆಯಲ್ಲಿ ಹುಟ್ಟಿ, ಚಿಕ್ಕಯ್ಯನವರ ಕೈಹಿಡಿದು ಹುಲಿಕಲ್ಲಿಗೆ ಬಂದ ತಿಮ್ಮಕ್ಕನವರು ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಕಲ್ಲುಗಣಿಯಲ್ಲಿ ಕೂಲಿ ಮಾಡಿದವರು. ಮಕ್ಕಳಿಲ್ಲವೆಂಬ ಕೊರಗು ಆ ದಂಪತಿಗಳನ್ನು ಬಾಧಿಸುತ್ತಿರಲು, ಅವರು ಆಲದ ಸಸಿಗಳನ್ನು ನೆಟ್ಟು ಸಾಕಲಾರಂಭಿಸಿದರು. ಮೊದಲ ವರ್ಷದಲ್ಲಿ ಹತ್ತು, ಎರಡನೆಯ ವರ್ಷದಲ್ಲಿ ಹದಿನೈದು, ಮೂರನೆಯ ವರ್ಷದಲ್ಲಿ ಇಪ್ಪತ್ತು ಸಸಿಗಳು ಬೇರೂರಿದುವು. ಮಳೆಗಾಲದಲ್ಲಿ ನೆಟ್ಟು, ಬೇಸಗೆಯಲ್ಲಿ ಕೊಡಗಳಲ್ಲಿ ನೀರನ್ನು ಹೊತ್ತು, ದನಗಳು ಮೇಯದಂತೆ ಮುಳ್ಳಿನ ಬೇಲಿಯನ್ನು ಕಟ್ಟಿ, ಹುಲಿಕಲ್ಲಿನಿಂದ ಕುದೂರಿನವರೆಗಿನ ದಾರಿಯನ್ನು ನೆರಳಿನ ಸಾಲನ್ನಾಗಿ ಮಾಡಿದರು. ಆ ಮರಗಳ ಸಂಖ್ಯೆಯು 385 ಎಂದು ಪ್ರಸಿದ್ಧವಾಗಿದೆ. 1991ರಲ್ಲಿ ಪತಿಯು ತೀರಿಕೊಂಡ ಮೇಲೆಯೂ ತಿಮ್ಮಕ್ಕನವರು ಗಿಡ ನೆಡುವುದನ್ನು ಬಿಡಲಿಲ್ಲ. ಜನರೇ ಅವರಿಗೆ ಸಾಲುಮರದ ತಿಮ್ಮಕ್ಕ ಎಂಬ ಹೆಸರನ್ನಿತ್ತರು. ಮಡಿವಾಳ, ಅಂಬಿಗ ಎಂಬಂತೆ ಕಾಯಕವೇ ಹೆಸರಿನ ಮುಂದೆ ಬಂದು ನಿಂತ ಶರಣರ ರೀತಿಯು ಇಲ್ಲಿಯೂ ಕಾಣುವುದು.

2019ರಲ್ಲಿ ರಾಷ್ಟ್ರಪತಿಗಳಾಗಿದ್ದ ರಾಮನಾಥ ಕೋವಿಂದರು ಪದ್ಮಶ್ರೀ ಪದಕವನ್ನು ಕೊಟ್ಟಾಗ, ಈ ವೃದ್ಧಮಾತೆಯು ಅವರ ತಲೆಯನ್ನು ಮುಟ್ಟಿ ಆಶೀರ್ವದಿಸಿದರು. ಹಳ್ಳಿಯ ಅಜ್ಜಿಗೆ ಎದುರಿಗಿರುವವರೆಲ್ಲರೂ ಮಕ್ಕಳೇ. ಅದೇ ವರ್ಷದಲ್ಲಿ ರಸ್ತೆಯನ್ನು ಅಗಲ ಮಾಡುವ ಕಾರ್ಯಕ್ಕಾಗಿ ಆ ಮರಗಳಿಗೆ ಕೊಡಲಿಯ ಭಯವುಂಟಾಗಲು, ಅವರು ಸರ್ಕಾರಕ್ಕೆ ಮೊರೆಯಿಟ್ಟು ಅವುಗಳನ್ನು ಉಳಿಸಬೇಕೆಂದು ಬೇಡಿದರು. 2025ನೆಯ ನವೆಂಬರ್ 14ರಂದು, 114ನೆಯ ವಯಸ್ಸಿನಲ್ಲಿ, ಅವರು ಲೋಕವನ್ನಗಲಿದರು. ಅವರ ಸ್ಮಾರಕವನ್ನು ಬೇರೆ ಕಟ್ಟಬೇಕಾದುದಿಲ್ಲ. ಆದರೆ ನಿಂತಿರುವ ಮರಗಳನ್ನು ಕಡಿಯದಂತೆ ಕಾಯತಕ್ಕವರು ಮಾತ್ರ ಬೇಕು.

ಮೂರನೆಯ ಬಾಳು ಇದೇ ಮಾಗಡಿ ತಾಲ್ಲೂಕಿನ ಮಂಚನಬೆಲೆಯದು. ಅಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು ಕೇರಿಯ ಮಗ. ನೊಗಕ್ಕೆ ಎತ್ತುಗಳಂತೆ ಹೆಗಲು ಕೊಟ್ಟು ಉಳುತ್ತಿದ್ದ ಇಬ್ಬರು ಮನುಷ್ಯರಲ್ಲಿ ಒಬ್ಬರು ತಮ್ಮ ತಂದೆಯೆಂಬುದನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡವರು. ಆ ದೃಶ್ಯವನ್ನು ಅವರು ತಮ್ಮ ಆತ್ಮಚರಿತ್ರೆಯಾದ ಊರುಕೇರಿಯಲ್ಲಿ ಬರೆದಿಟ್ಟಿರುವರು. 1975ರಲ್ಲಿ ಪ್ರಕಟವಾದ ಹೊಲೆಮಾದಿಗರ ಹಾಡು ಎಂಬ ಕವನಸಂಗ್ರಹದಿಂದ ನಾಡಿನ ಕಿವಿಯನ್ನು ತೆರೆಯಿಸಿದರು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದವರಲ್ಲಿ ಒಬ್ಬರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿ, ವಿಧಾನ ಪರಿಷತ್ತಿನ ಸದಸ್ಯರಾಗಿ ಸೇವೆ ಸಲ್ಲಿಸಿ, 2015ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದರು. ಗ್ರಾಮದೇವತೆಗಳ ವಿಷಯವಾಗಿ ಅವರು ನಡೆಸಿದ ಸಂಶೋಧನೆಯು ಊರಿನ ಮೂಲೆಯಲ್ಲಿ ಕುಳಿತ ದೇವರುಗಳಿಗೂ, ಅವುಗಳನ್ನು ನಂಬಿದ ಜನರಿಗೂ ವಿದ್ವತ್ತಿನ ಪುಟಗಳಲ್ಲಿ ಸ್ಥಳವನ್ನು ಕೊಟ್ಟಿತು.

2020 ಮತ್ತು 2021ರಲ್ಲಿ ಕೊರೋನಾ ಮಹಾಮಾರಿಯು ಹಳ್ಳಿಗಳನ್ನು ಹೊಕ್ಕಾಗ ಅನೇಕ ಹಿರಿಯರು ಬಂಧುಗಳ ಕೊನೆಯ ದರ್ಶನವೂ ಇಲ್ಲದೆ ಮಣ್ಣಾದರು. ಹೆಗಲು ಕೊಡುವವರಿಲ್ಲದೆ, ಊರು ಸೇರದೆ, ಪದ ಹಾಡದೆ ನಡೆದ ಆ ಸಂಸ್ಕಾರಗಳ ನೋವು ಎಷ್ಟೋ ಮನೆಗಳಲ್ಲಿ ಇನ್ನೂ ಆರಿಲ್ಲ. ಸಿದ್ಧಲಿಂಗಯ್ಯನವರೂ ಅದೇ ವ್ಯಾಧಿಯಿಂದ 2021ನೆಯ ಜೂನ್ 11ರಂದು ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮಶ್ರೀಯು ಸಂದಿತು. ನೊಗಕ್ಕೆ ಹೆಗಲು ಕೊಟ್ಟ ತಂದೆಯ ಹೆಸರಿನಲ್ಲಿ ಯಾವ ಊರೂ ಕಲ್ಲನ್ನು ನಿಲ್ಲಿಸಲಿಲ್ಲ. ಮಗನು ಬರೆದ ಅಕ್ಷರವೇ ಕಲ್ಲಾಗಿ ನಿಂತಿತು. ಊರು ತನ್ನವರನ್ನು ನೆನೆಯುವಾಗ ಕೇರಿಯನ್ನು ಬಿಟ್ಟು ನೆನೆದರೆ ಆ ಸ್ಮರಣೆಯು ಅರ್ಧವಾದುದು ಎಂಬ ಪಾಠವು ಈ ಬಾಳಿನಲ್ಲಿ ಅಡಗಿರುವುದು. ಬಸವಾದಿ ಪ್ರಮಥರ ಅನುಯಾಯಿಗಳೆಂದು ಹೇಳಿಕೊಳ್ಳುವವರು ಈ ಪಾಠವನ್ನು ಇತರರಿಗಿಂತ ಮೊದಲು ಕಲಿಯತಕ್ಕದ್ದು.

ಹೀಗೆ ಹೆಸರು ಪಡೆದವರ ಜೊತೆಗೆ, ಹೆಸರೇ ಇಲ್ಲದ ಸಾವಿರಾರು ಹಳ್ಳಿಗರ ಬಾಳನ್ನು ಒಂದೆಡೆ ಕಾಪಾಡಬೇಕೆಂಬ ಸಂಕಲ್ಪವೂ ಈ ಸೀಮೆಯಲ್ಲಿಯೇ ಕಾರ್ಯರೂಪಕ್ಕೆ ಬಂದಿತು. ಸರ್ಕಾರದ ಉನ್ನತಾಧಿಕಾರದಿಂದ ನಿವೃತ್ತರಾದ ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ರಾಮನಗರದ ಬಳಿ ಮೈಸೂರು ರಸ್ತೆಯ ಮಗ್ಗುಲಲ್ಲಿ ಹದಿನೈದು ಎಕರೆ ನೆಲದಲ್ಲಿ ಜಾನಪದ ಲೋಕವನ್ನು ಕಟ್ಟಿದರು. ನೇಗಿಲು, ಕೂರಿಗೆ, ಒನಕೆ, ಮಡಕೆ, ಗಾಡಿ, ವಾದ್ಯಗಳೂ, ಹಾಡುಗಾರರ ಧ್ವನಿಮುದ್ರಣಗಳೂ ಅಲ್ಲಿ ಸಂಗ್ರಹವಾದುವು. ನಾಗೇಗೌಡರು 2005ರಲ್ಲಿ ತೀರಿಕೊಂಡರೂ ಅವರು ಕಟ್ಟಿದ ಲೋಕವು ನಡೆಯುತ್ತಿರುವುದು. ಕೈತಾಗಿ ನುಣುಪಾದ ಒಂದು ಒನಕೆಯ ಮುಂದೆ ನಿಂತವನಿಗೆ, ಅದನ್ನು ಹಿಡಿದು ಸವೆಯಿಸಿದವಳು ಯಾರಿರಬಹುದೆಂಬ ಯೋಚನೆಯು ಬಾರದಿರದು.

ಈ ಸಂಗತಿಗಳನ್ನೆಲ್ಲ ಒಟ್ಟಾಗಿ ನೋಡಿದರೆ ಒಂದು ತತ್ತ್ವವು ಹೊರಪಡುವುದು. ಕಲ್ಲಿನಿಂದ ಮಾತ್ರ ಸ್ಮರಣೆಯು ಉಳಿಯುವುದಾಗಿದ್ದರೆ, ಬೇಲಿಯ ಮಗ್ಗುಲಲ್ಲಿ ಹೂತುಹೋಗಿ ಬಟ್ಟೆ ಒಗೆಯುವುದಕ್ಕೆ ಬಳಕೆಯಾಗುತ್ತಿರುವ ವೀರಗಲ್ಲುಗಳ ಹೆಸರುಗಳು ಜನರ ಬಾಯಲ್ಲಿರಬೇಕಾಗಿದ್ದಿತು, ಅವು ಇಲ್ಲ. ಕಲ್ಲಿಗೆ ಪೂಜೆಯೂ, ಪೂಜೆಗೆ ಭೂಮಿಯೂ, ಭೂಮಿಯನ್ನು ಉಳುವವರೂ ಇದ್ದಷ್ಟು ಕಾಲ ನೆನಪು ಉಳಿದು, ಅವು ನಿಂತೊಡನೆಯೇ ನಿಂತುಹೋಯಿತು. ವೀರಾಪುರದ ಯೋಗಿಗಳ ನೆನಪು ಪ್ರತಿದಿನದ ಪಂಕ್ತಿಯಲ್ಲಿಯೂ, ಹುಲಿಕಲ್ಲಿನ ತಾಯಿಯ ನೆನಪು ಪ್ರತಿ ಬೇಸಗೆಯ ನೆರಳಿನಲ್ಲಿಯೂ, ಮಂಚನಬೆಲೆಯ ಕವಿಯ ನೆನಪು ಪ್ರತಿ ಓದಿನಲ್ಲಿಯೂ ಮತ್ತೆ ಹುಟ್ಟುವುದು. ಮುಂದುವರಿಯುವ ಕಾಯಕದಲ್ಲಿ ಸೇರಿದ ನೆನಪಿಗೆ ಮಾತ್ರ ಆಯುಷ್ಯವುಂಟು.

ಆದರೆ ಪ್ರತಿಯೊಂದು ಗ್ರಾಮದಲ್ಲಿಯೂ ಲೋಕವಿಖ್ಯಾತರು ಹುಟ್ಟುವುದಿಲ್ಲ. ವಿರೂಪಾಕ್ಷಿಪುರದಲ್ಲಿಯೂ, ಸುತ್ತಣ ಹಳ್ಳಿಗಳಲ್ಲಿಯೂ ಪ್ರತಿವರ್ಷ ಅಗಲುವವರು ಪತ್ರಿಕೆಗಳಲ್ಲಿ ಹೆಸರು ಬಾರದ ಜನರು. ತೆಂಗಿನ ಸಸಿಯನ್ನು ನೆಟ್ಟು ಮೊಮ್ಮಕ್ಕಳಿಗೆ ಫಲವನ್ನು ಬಿಟ್ಟವರು, ರೇಷ್ಮೆಹುಳುವಿಗೆ ನಡುರಾತ್ರಿಯಲ್ಲಿ ಸೊಪ್ಪು ಹಾಕಿ ಮಗಳನ್ನು ಓದಿಸಿದವರು, ಜಾತ್ರೆಯ ದಾಸೋಹದಲ್ಲಿ ತಾವು ಉಣ್ಣದೆ ಸಾಲು ಸಾಲಿಗೆ ಬಡಿಸಿದವರು, ವ್ಯಾಜ್ಯವಾಡುತ್ತಿದ್ದ ಅಣ್ಣತಮ್ಮಂದಿರನ್ನು ಒಂದೇ ಜಗಲಿಯ ಮೇಲೆ ಕೂರಿಸಿದವರು. ಇಂತಹವರ ವೃತ್ತಾಂತವನ್ನು ಬಲ್ಲವರೂ ವೃದ್ಧರೇ ಆಗಿರುವರು. ಅವರು ಹೋದರೆ ಎರಡು ತಲೆಮಾರಿನ ನೆನಪು ಒಟ್ಟಿಗೆ ಹೋಗುವುದು.

ಆದುದರಿಂದ ಗ್ರಾಮಗ್ರಾಮದಲ್ಲಿಯೂ ಒಂದು ಸ್ಮರಣೆಯ ಪುಸ್ತಕವನ್ನು ಇಡುವುದು ಉಚಿತವಾದುದು. ಅಗಲಿದವರ ಹೆಸರು, ತಂದೆತಾಯಿಗಳ ಹೆಸರು, ಹುಟ್ಟಿದ ಮತ್ತು ಅಗಲಿದ ಕಾಲ, ಮಾಡಿದ ಕಾಯಕ, ಊರಿಗೆ ಬಿಟ್ಟುಹೋದ ಒಂದು ಉಪಕಾರ, ಇವಿಷ್ಟನ್ನು ಮನೆಯವರ ಒಪ್ಪಿಗೆಯಿಂದ ನಾಲ್ಕಾರು ಪಂಕ್ತಿಗಳಲ್ಲಿ ಬರೆದರೆ ಸಾಕು. ಊರು ಕೇರಿ, ಗಂಡು ಹೆಣ್ಣು, ಸ್ಥಿತಿವಂತ ಬಡವ ಎಂಬ ಎಣಿಕೆಯು ಅದರಲ್ಲಿ ಇರಕೂಡದು. ಶಾಲೆಯ ಉಪಾಧ್ಯಾಯರೂ, ಓದು ಬಲ್ಲ ತರುಣರೂ ಹಿರಿಯರ ಬಳಿ ಕುಳಿತು ಕೇಳಿ ಬರೆದರೆ, ಹೆಳವರ ಕಾರ್ಯವು ಹೊಸ ರೀತಿಯಲ್ಲಿ ಮುಂದುವರಿದಂತಾಗುವುದು. ವರ್ಷಕ್ಕೊಮ್ಮೆ ಊರಿನ ಜಾತ್ರೆಯ ದಿನ, ದಾಸೋಹದ ಪಂಕ್ತಿಯಲ್ಲಿ ಎಲೆಗಳನ್ನು ಹಾಕಿ, ಬಡಿಸುವುದಕ್ಕೆ ಮೊದಲು ಆ ವರ್ಷ ಅಗಲಿದವರ ಹೆಸರುಗಳನ್ನು ಓದುವ ಪದ್ಧತಿಯನ್ನು ಏರ್ಪಡಿಸಿದರೆ, ಆತಕೂರಿನವರು ಒಂದು ನಾಯಿಗೆ ಸಲ್ಲಿಸಿದ ಮರ್ಯಾದೆಯನ್ನು ಇಂದಿನ ಊರುಗಳು ತಮ್ಮ ಜನರಿಗೆ ಸಲ್ಲಿಸಿದಂತಾಗುವುದು. ಓದು ಬಹಳ ಹೊತ್ತು ನಡೆಯಬೇಕಾದುದಿಲ್ಲ. ಪಂಕ್ತಿಯಲ್ಲಿ ಹಸಿದ ಮಕ್ಕಳು ಕುಳಿತಿರುವರೆಂಬುದನ್ನು ಓದುವವರು ಮರೆಯಬಾರದು.